ಕಾಣೆ ಬಡಿತ

2023ರ ಅಕ್ಟೋಬರ್ ಒಂದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಸಜಿತ ಹಾಡುಗಳ ಸರದಿಯನ್ನು ಬದಲಾಯಿಸಿದಳು. ಕೊನೆಗೆ ಇಟ್ಟಿದ್ದ ನಾಟಿಯ ಹಾಡನ್ನು ತೆಗೆದು ಆ ಜಾಗಕ್ಕೆ ಮಾತಿಲ್ಲದ, ಬರೀ ತಂಬಟೆಯ ಒಂದು ಬಡಿತವನ್ನು ಹಾಕಿದಳು. ಗಡಿಯ ಹೊಳೆದಡದ ಊರು ಮರಕ್ಕಡವಿನ ಹತ್ತಿರದ ಹಗಲು ಮನೆಯಲ್ಲಿ ಅಂದು ವಯಸ್ಸಾದವರ ದಿನದ ಕಾರ್ಯಕ್ರಮ. ಸುತ್ತಲಿನ ಮುದುಕರನ್ನು ಬೆಳಿಗ್ಗೆ ವ್ಯಾನಿನಲ್ಲಿ ಕರೆತಂದು, ಊಟ ಔಷಧಿ ಕೊಟ್ಟು, ಸಂಜೆ ಮನೆಗೆ ಬಿಡುವ ಜಾಗ ಅದು. ಬದಲಾವಣೆಗೆ ಕಾರಣ ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕುಳಿತಿದ್ದ: ಅವಳ ದೊಡ್ಡಪ್ಪ ಕೆಂಚ.

ಕೆಂಚನಿಗೆ ಎಪ್ಪತ್ತು ದಾಟಿತ್ತು. ಹಿಂದಿನ ವರ್ಷ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಅವನು ಮಾತಾಡಿರಲಿಲ್ಲ. ಕಾಲಿಗೆ ಏನೂ ಆಗಿರಲಿಲ್ಲ. ಕೈಹಿಡಿದರೆ ನಡೆಯುತ್ತಿದ್ದ, ಕೂರಿಸಿದರೆ ಕೂರುತ್ತಿದ್ದ, ತುತ್ತು ಇಟ್ಟರೆ ನುಂಗುತ್ತಿದ್ದ. ತಾನಾಗಿ ಏನನ್ನೂ ಮಾಡುತ್ತಿರಲಿಲ್ಲ. ಅಪ್ಪನಿಲ್ಲದ ಸಜಿತಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಬತ್ತೇರಿಯ ಕಾಲೇಜಿಗೆ ಸೇರಿಸುವಾಗ ಅರ್ಜಿಗೆ ಹೆಬ್ಬೆಟ್ಟು ಒತ್ತಿದವನು ಅವನೇ. ಬಿಎಸ್ಸಿ ಮುಗಿಸಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವ ಸಜಿತಳಿಗೆ ಸತ್ತ ನರ ಮತ್ತೆ ಹುಟ್ಟುವುದಿಲ್ಲ ಎಂದು ಗೊತ್ತಿತ್ತು. ಉಳಿದ ನರಗಳು ಬೇರೆ ದಾರಿ ಹುಡುಕಿಕೊಳ್ಳಬಹುದು ಎಂದೂ ಗೊತ್ತಿತ್ತು. ಅವಳಿಗೆ ಬೇಕಾಗಿದ್ದುದು ಇಷ್ಟೇ: ಅವನು ತನ್ನನ್ನು ಒಮ್ಮೆ ಹೆಸರು ಹಿಡಿದು ಕರೆಯಬೇಕು.

ತಂಡದಲ್ಲಿ ಮೂವರಿದ್ದರು. ಸಜಿತ ಹಾಡುತ್ತ, ಒಣಗಿದ ಸೋರೆ ಬುರುಡೆಗೆ ಬೀಜ ತುಂಬಿದ ಗಿಲಕಿ ಆಡಿಸುತ್ತಿದ್ದಳು. ಕೆಂಚನ ಮಗ ಸುಬೀಷ್‌ನದು ತಂಬಟೆ. ಕೊಳವಳ್ಳಿಯ ಚೆಲುವರಾಜು ಬಿದಿರ ಕೊಳಲು ಊದುತ್ತಿದ್ದ. ಸುಬೀಷ್, ಸಜಿತ, ಅಣ್ಣ ತಂಗಿ ಇಬ್ಬರೂ ಕಾಡಿನೊಳಗಿನ ಆದಿವಾಸಿ ಹಾಡಿಯಲ್ಲಿ ಹುಟ್ಟಿ, ಹಾಡಿಯೇ ಕಾಡು ಬಿಟ್ಟು ರಸ್ತೆಯ ಪಕ್ಕಕ್ಕೆ ಬಂದಾಗ ಅದರ ಜೊತೆ ಬಂದವರು. ಚೆಲುವರಾಜು ತಲೆಮಾರುಗಳ ಹಿಂದೆ ಹೊಳೆ ದಾಟಿ ಬಂದ ಬೇಸಾಯದ ಮನೆಯವನು. ಮೆಣಸು, ಶುಂಠಿ ಬೆಳೆಯುತ್ತಿದ್ದ. ಮೊದಲ ತಿಂಗಳುಗಳಲ್ಲಿ ಮೂವರೂ ಮೂರು ದಾರಿಯಲ್ಲಿ ಹೋಗುತ್ತಿದ್ದರು. ಕೊಳಲು ಯಾವಾಗಲೂ ಮುಂದೆ ಓಡುತ್ತಿತ್ತು. ಕೊನೆಗೆ ಒಂದು ಒಪ್ಪಂದವಾಯಿತು: ಸುಬೀಷ್‌ನ ಎಡಗೈಯ ಸಣ್ಣ ಕೋಲು ಬಿದ್ದಲ್ಲಿ ಚೆಲುವರಾಜು ಉಸಿರು ತೆಗೆದುಕೊಳ್ಳಬೇಕು. ಅಂದಿನಿಂದ ಅವನು ಊದುವಾಗ ಸುಬೀಷ್‌ನ ಎಡಗೈಯನ್ನೇ ನೋಡುತ್ತಿದ್ದ, ಎದುರಿಗೆ ಕುಳಿತವರನ್ನು ನೋಡುತ್ತಿರಲಿಲ್ಲ.

ಎದುರಿಗೆ ಕುಳಿತವರನ್ನು ನೋಡುವುದು ಸಜಿತಳ ಕೆಲಸ. ಮುದುಕರಿಗೆ ಹಾಡು ಆರಿಸುವುದಕ್ಕೆ ಅವಳು ಕೆಲವು ನಿಯಮ ಮಾಡಿಕೊಂಡಿದ್ದಳು. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು, ಆದ್ದರಿಂದ ಶ್ರುತಿ ಇಳಿಸಬೇಕು. ಅವರು ಹದಿನೈದು ಇಪ್ಪತ್ತರ ಪ್ರಾಯದಲ್ಲಿ ಕೇಳಿದ್ದನ್ನೇ ಹಾಡಬೇಕು. ತಿರುವಿದಾಂಕೂರಿನಿಂದ ಬಂದು ನೆಲೆಸಿದವರು, ಕನ್ನಡದ ಬೇಸಾಯಗಾರರು, ಹಾಡಿಯವರು, ಮೂರು ಕಡೆಯವರಿಗೂ ಸಮನಾಗಿ ಹಂಚಬೇಕು. ಒಂದು ಹಾಡು ಹೆಚ್ಚುಕಡಿಮೆಯಾದರೂ ಊಟದ ಹೊತ್ತಿಗೆ ಜಗಳ. ಬಾಯಿ ಹೊಗಳುವುದನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕಾಲಿನ ಬೆರಳು, ಮಂಡಿಯ ಮೇಲಿನ ಕೈ, ಬೆನ್ನು ನೇರವಾಗುವುದು, ಇವನ್ನು ನೋಡುತ್ತಿದ್ದಳು. ಬೆನ್ನು ನೇರವಾದರೆ ಆ ಹಾಡು ಉಳಿಯುತ್ತಿತ್ತು.

ಆ ಬಡಿತ ಸಿಕ್ಕಿದ್ದು ಹಿಂದಿನ ಶುಕ್ರವಾರ ಸಂಜೆ, ಉಳಿದ ಮುದುಕರನ್ನು ವ್ಯಾನು ಮನೆಗೆ ಬಿಟ್ಟ ಮೇಲೆ, ಅಭ್ಯಾಸಕ್ಕೆ ಮೊದಲು. ಸುಬೀಷ್ ಅಡುಗೆಮನೆಯ ಹಿಂದಿನ ಸೌದೆ ಒಲೆಗೆ ತಂಬಟೆ ಹಿಡಿದು ತೊಗಲು ಕಾಯಿಸುತ್ತಿದ್ದ. ಬಿಗಿ ನೋಡಲು ಸುಮ್ಮನೆ ಬಡಿದ: ಎರಡು ಭಾರದ ಪೆಟ್ಟು, ಒಂದು ಬಿಡುವು, ಮೂರು ಚುರುಕಿನ ಪೆಟ್ಟು, ಮತ್ತೆ ಬಿಡುವು. ಒಳಗೆ ಕೆಂಚ ಯಾರೂ ಹಿಡಿಯದೆ ಎದ್ದು ನಿಂತ. ಜಗಲಿಯ ಅಂಚಿನವರೆಗೆ ನಡೆದ. ಬಡಿತ ನಿಂತಾಗ ಅಲ್ಲೇ ನಿಂತಿದ್ದು, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು ಕುಳಿತ.

"ಅಯ್ಯೋ ನೋಡಿ, ಕೆಂಚೇಟನ್ ಡಾನ್ಸಿಗೆ ಎದ್ರು!" ಎಂದಳು ಹಗಲು ಮನೆ ನೋಡಿಕೊಳ್ಳುವ ಶೈಲಜ; ಮನೆಮಾತು ಮಲಯಾಳವಾದ ಅವಳಿಗೆ ಗಂಡಸರೆಲ್ಲ ಚೇಟನ್, ಅಣ್ಣ; ಹುಡುಗಿಯರೆಲ್ಲ ಮೋಳೇ, ಮಗಳು. "ಸಜಿತ ಮೋಳೇ, ಸಿನಿಮಾಕ್ಕೆ ಸೇರಿಸು ಇವರನ್ನ."

ಸಜಿತ ಒಲೆಯ ಹತ್ತಿರ ಓಡಿದಳು. "ಏನದು ಬಡಿದದ್ದು? ಎಲ್ಲಿ ಕಲಿತೆ ಅಣ್ಣಾ?"

"ಕಲಿಯೋದೇನು. ಕಾಡಲ್ಲಿದ್ದಾಗ ಕೇಳಿದ್ದು, ಇಷ್ಟುದ್ದ ಇದ್ದೆ ಆಗ. ಡಬ್ಬ ತಗೊಂಡು ಅದನ್ನೇ ಬಡೀತಿದ್ದೆ. ಅಪ್ಪ ಬಂದು ಕೈಮೇಲೆ ಬಾರಿಸ್ತಿದ್ದ."

"ಅಷ್ಟು ಚೆಂದಾಗಿ ಬಡೀತಿದ್ದೆ ಅಂತ ಕಾಣ್ತದೆ," ಎಂದ ಚೆಲುವರಾಜು. "ನಮ್ಮಪ್ಪನೂ ಹಿಂಗೇ, ನಾನು ಊದಿದ್ರೆ ಕೊಳಲು ಮುರಿತಿದ್ದ."

ಮೂವರೂ ನಕ್ಕರು. ಅದರ ಹೆಸರೇನು ಎಂದು ಯಾರನ್ನಾದರೂ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಾಡಿಯ ಬಡಿತಗಳೆಲ್ಲ ತಮ್ಮವೇ ಎಂದು ಅಣ್ಣ ತಂಗಿ ತಿಳಿದಿದ್ದರು. ಅವರಿಗೆ ಬರುತ್ತಿದ್ದುದು ಮದುವೆಯದು, ಹಬ್ಬದ್ದು, ಕುಣಿತದ್ದು; ರಸ್ತೆಯ ಪಕ್ಕಕ್ಕೆ ಬಂದ ಮೇಲೆ ಹಾಡಿಯಲ್ಲಿ ಬಡಿಯುತ್ತಿದ್ದುದು ಅಷ್ಟೇ.

ಭಾನುವಾರ ಕೊನೆಗೆ ಅದನ್ನು ಬಡಿದರು. ಸುಬೀಷ್ ಕಾದ ತೊಗಲಿನ ಮೇಲೆ ಎರಡು ಭಾರದ ಪೆಟ್ಟು ಹಾಕಿದ ಕೂಡಲೇ ಎಡಗಡೆ ಒಟ್ಟಿಗೆ ಕುಳಿತಿದ್ದ ಹಾಡಿಯ ಏಳು ಮುದುಕರ ಬೆನ್ನು ಒಂದೇ ಸಲ ನೇರವಾಯಿತು. ಅಂಥದ್ದನ್ನು ಸಜಿತ ಯಾವ ಹಾಡಿಗೂ ಕಂಡಿರಲಿಲ್ಲ. ಚೆಲುವರಾಜು ಬಿಡುವುಗಳಲ್ಲಿ ಒಂದು ಉದ್ದ ಸ್ವರ ಎಳೆದ; ಅವಳು ಗಿಲಕಿ ಆಡಿಸಿದಳು. ಕೆಂಚ ಎದ್ದು ನಿಂತಿದ್ದ. ತುಟಿ ಅಲುಗುತ್ತಿತ್ತು. ಉಳಿದವರು ಚಪ್ಪಾಳೆ ತಟ್ಟಿದರು. ಸಜಿತಳ ಕಣ್ಣು ತುಂಬಿ, ಗಿಲಕಿ ಒಂದೆರಡು ಕಡೆ ತಾಳ ತಪ್ಪಿತು.

ಮುಗಿದ ಮೇಲೆ ಅವಳು ಮೊದಲು ಹೋದದ್ದು ಕೆಂಚನ ಹತ್ತಿರ. ಅವನು ಕಿಟಕಿಯಾಚೆ ನೋಡುತ್ತ ನಿಂತೇ ಇದ್ದ. "ದೊಡ್ಡಪ್ಪಾ, ನಾನು. ಹೇಳು, ಯಾರು ನಾನು?" ತುಟಿ ಮತ್ತೆ ಅಲುಗಿತು, ದನಿ ಬರಲಿಲ್ಲ. ಪಕ್ಕದಲ್ಲಿದ್ದ ಜಾನು ಅಜ್ಜಿ ಅವಳ ಮಣಿಕಟ್ಟು ಹಿಡಿದಳು. ಹಾಡಿಯ ಎಲ್ಲರಿಗಿಂತ ಹಿರಿಯಳು ಅವಳು; ಮಂಡಿ ಕೆಟ್ಟು ನಡೆಯಲಾರಳು.

"ಯಾರು ಮಗಾ?"

"ಯಾರು ಅಂದ್ರೆ?"

"ಕಾಣೆ ಆದದ್ದು ಯಾರು?"

ಜಾನು ಆಗಾಗ ಸತ್ತ ಗಂಡನನ್ನು ಊಟಕ್ಕೆ ಕರೆಯುತ್ತಿದ್ದಳು. ಸಜಿತ ಅವಳ ಕೈ ತಟ್ಟಿದಳು. "ಯಾರೂ ಇಲ್ಲ ಅಜ್ಜಿ. ಪರಿಪಾಡಿ ಮುಗೀತು, ಹಾಡು ಬಡಿತ ಎಲ್ಲ ಮುಗೀತು. ಊಟಕ್ಕೆ ನಡಿ, ಪಾಯಸ ಉಂಟು."

ಜಾನುವನ್ನು ಗಾಲಿಕುರ್ಚಿಯಲ್ಲಿ ಊಟದ ಕೋಣೆಗೆ ತಳ್ಳಿಕೊಂಡು ಹೋದರು.

ಒಂದೂವರೆಗೆ ಶೈಲಜ ಸೆರಗಿಗೆ ಕೈ ಒರೆಸುತ್ತ ಬಂದಳು. "ಕೆಂಚೇಟನ್ ನಿಮ್ಮ ಜೊತೆ ಇದ್ದಾರಾ? ಶೌಚಾಲಯದಲ್ಲೂ ಇಲ್ಲ. ಊಟದ ಗಡಿಬಿಡೀಲಿ ಗೇಟು ಹಾಕಿರಲಿಲ್ಲ ಯಾರೂ."

ಮೊದಲು ಹಿತ್ತಲು, ಆಮೇಲೆ ಅಂಗಡಿ, ಬಸ್ಸು ನಿಲ್ಲುವ ಜಾಗ. ಸುಬೀಷ್ ಬೈಕು ತೆಗೆದುಕೊಂಡು ಹಾಡಿಯವರೆಗೆ ಹೋಗಿ ಬಂದ, ಮನೆಗೂ ಬಂದಿರಲಿಲ್ಲ. ಶೈಲಜ ಪೊಲೀಸರಿಗೂ ಅರಣ್ಯದವರಿಗೂ ಫೋನು ಮಾಡಿದಳು. ಸಜಿತ ಊಟದ ಕೋಣೆಗೆ ಬಂದಾಗ ಉದ್ದ ಮೇಜಿನ ಒಂದು ಕಡೆ ಏಳು ಎಲೆಗಳು ಬಡಿಸಿದ ಹಾಗೇ ಇದ್ದವು. ಅನ್ನದ ಮೇಲೆ ಸಾಂಬಾರು ಆರಿ ಕೆನೆ ಕಟ್ಟಿತ್ತು. ಹಾಡಿಯ ಆರು ಮಂದಿ ಎಲೆಯ ಮುಂದೆ ಕೈ ಮಡಚಿ ಕುಳಿತಿದ್ದರು. ಏಳನೆಯ ಎಲೆಯ ಮುಂದೆ ಯಾರೂ ಇರಲಿಲ್ಲ.

"ಇವರಿಗೆ ನನ್ನ ಸಾಂಬಾರು ಹಿಡಿಸಲಿಲ್ಲ, ಪಾಯಸ ಕೂಡ ಬೇಡ ಅಂತೆ," ಎಂದಳು ಶೈಲಜ.

ಸಜಿತ ಜಾನುವಿನ ಮುಂದೆ ಕುಕ್ಕರಿಸಿದಳು. "ಯಾಕೆ ಉಣ್ಣಲಿಲ್ಲ ಅಜ್ಜಿ?"

"ಬಡಿದದ್ದು ನೀವಲ್ಲವಾ? ಬಡಿದು ನಮ್ಮನ್ನೇ ಕೇಳ್ತಾಳೆ." ಜಾನುವಿನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. "ಅದು ಕಾಣೆ ಬಡಿತ. ಕಾಡಿಗೆ ಹೋದವ ತಿರುಗಿ ಬರದಿದ್ದರೆ ಬಡಿಯೋದು. ಕೇಳಿದವರು ಉಣ್ಣಬಾರದು. ಕಾಲಿದ್ದವರು ಎದ್ದು ಹುಡುಕಬೇಕು. ಸಿಕ್ಕಿದ ಮೇಲೆ ಸಿಕ್ಕ ಬಡಿತ ಬಡೀತಾರೆ, ಆಗ ತಿರುಗಿ ಬಂದು ಉಣ್ಣೋದು. ನಮಗೆ ಕಾಲಿಲ್ಲ, ಕೂತೆವು. ಕೆಂಚನಿಗೆ ಕಾಲಿತ್ತು."

"ನಮಗ್ಯಾರೂ ಹೇಳಲಿಲ್ಲವಲ್ಲ."

"ಮನೆಯೊಳಗೆ ಅದರ ಹೆಸರು ಎತ್ತಬಾರದು. ಮಕ್ಕಳು ಆಡಿದರೆ ಕೈಗೆ ಹೊಡೀತೇವೆ."

ಬಾಗಿಲಲ್ಲಿ ನಿಂತಿದ್ದ ಸುಬೀಷ್ ತನ್ನ ಕೈಗಳನ್ನು ನೋಡಿಕೊಂಡ. ಕೊನೆಯ ಸಲ ಅದನ್ನು ಬಡಿದದ್ದು ಯಾವಾಗ ಎಂದು ಸಜಿತ ಕೇಳಿದಳು. ಜಾನು ಅವಳ ಮುಖ ನೋಡಿ, ಆಮೇಲೆ ಎಲೆ ನೋಡಿ ಹೇಳಿದಳು.

"ನಿನ್ನಪ್ಪನಿಗೆ."

ತನ್ನ ತಂದೆ ಜೇನಿಗೆ ಹೋದವನು ಬರಲಿಲ್ಲ, ಹೆಣವೂ ಸಿಗಲಿಲ್ಲ ಎಂಬಷ್ಟು ಸಜಿತಳಿಗೆ ಗೊತ್ತಿತ್ತು. ಆಗ ಅವಳಿಗೆ ಎರಡು ವರ್ಷ, ಸುಬೀಷ್‌ಗೆ ಆರು. ಜಾನು ಹೇಳಿದ ಮಿಕ್ಕದ್ದು ಅವಳಿಗೆ ಗೊತ್ತಿರಲಿಲ್ಲ. ಮೂರು ದಿನ ಬಡಿದರು. ಹುಡುಕುವವರು ಹಸಿವಿನಿಂದ ಬೀಳತೊಡಗಿದಾಗ ಹಿರಿಯರು ಸುಳ್ಳಿಗಾದರೂ ಸಿಕ್ಕ ಬಡಿತ ಬಡಿದುಬಿಡೋಣ, ಎಲ್ಲರೂ ಬಂದು ಉಣ್ಣಲಿ ಎಂದರು. ಕೆಂಚ ಬಂದು ತಂಬಟೆಯ ತೊಗಲಿನ ಮೇಲೆ ಅಂಗೈ ಊರಿ ನಿಂತ. ತಮ್ಮ ಸಿಕ್ಕಿಲ್ಲ ಎಂದ. ಯಾರೂ ಬಡಿಯಲಿಲ್ಲ. ಒಬ್ಬೊಬ್ಬರಾಗಿ ತಾವೇ ತಿರುಗಿ ಬಂದರು, ಕದ್ದವರ ಹಾಗೆ ಉಂಡರು. ಆ ಬಡಿತ ಮುಗಿಯದೆ ಹಾಗೇ ಉಳಿಯಿತು.

"ಇವತ್ತು ಅವನು ಹುಡುಕಲಿಕ್ಕೆ ಹೋದದ್ದು ತಮ್ಮನ್ನ," ಎಂದಳು ಜಾನು.

ಆಗ ಎರಡೂ ಮುಕ್ಕಾಲು ಗಂಟೆ. ಬಿಸಿಲಿತ್ತು, ಹೊಳೆಯ ಕಡೆಯಿಂದ ಕಾಡಿನ ಕಡೆಗೆ ತೆಳ್ಳಗೆ ಗಾಳಿ ಬೀಸುತ್ತಿತ್ತು. ಮೊದಲು ಮಾತಾಡಿದವನು ಚೆಲುವರಾಜು.

"ಆ ಇನ್ನೊಂದು ಬಡಿತ ನಿಮಗೆ ಬರ್ತದಾ ಅಜ್ಜಿ? ಸಿಕ್ಕ ಬಡಿತ? ಸುಬೀಷನಿಗೆ ಹೇಳ್ಕೊಡಿ. ಕೇಳಿದ್ರೆ ಅವನೇ ತಿರುಗಿ ಬರ್ತಾನೆ. ತೊಗಲು ಈಗ ಕಾದಿದೆ, ಹೊಳೆಯಾಚೆಗೂ, ಒಂದೂವರೆ ಕಿಲೋಮೀಟರಿಗೂ ಕೇಳಿಸ್ತದೆ. ಮಳೆ ಬಿತ್ತು ಅಂದ್ರೆ ಆಗಲ್ಲ."

"ಸಿಗದೆ ಬಡಿಯೋದಾ?"

"ಸುಳ್ಳೇ ಆಗ್ಲಿ ಅಜ್ಜಿ. ಆನೆ ಓಡಾಡೋ ಜಾಗ. ಜೀವ ದೊಡ್ಡದಾ, ಬಡಿತ ದೊಡ್ಡದಾ?"

"ನೀನು ಬೇಸಾಯದವ, ಸುಮ್ಮನಿರು." ಜಾನು ಸಜಿತಳ ಕಡೆ ತಿರುಗಿದಳು. "ಸಿಕ್ಕಿತು ಅಂತ ಬಡಿದರೆ ಅವನು ಬರ್ತಾನೆ, ಬೇಗ ಬರ್ತಾನೆ. ಬಂದು ತಮ್ಮ ಎಲ್ಲಿ ಅಂತ ಕೇಳ್ತಾನೆ. ಏನು ತೋರಿಸ್ತೀಯ? ಬಡಿತ ನಿನ್ನಪ್ಪಂದು. ನೀನು ಹೂಂ ಅಂದರೆ ಹೇಳ್ಕೊಡ್ತೇನೆ."

"ಹೂಂ ಅನ್ನು," ಎಂದ ಸುಬೀಷ್. "ಸಜಿ, ನಮ್ಮಪ್ಪ ಅವನು. ಹೂಂ ಅನ್ನು."

ಸಜಿತ ಉತ್ತರ ಕೊಡುವ ಮೊದಲು ಲೆಕ್ಕ ಹಾಕಿದಳು. ಅದು ಅವಳ ಅಭ್ಯಾಸ. ಕೆಂಚ ನಿಧಾನ ನಡೆಯುವವನು, ಹೊರಟು ಎರಡು ಗಂಟೆಯೂ ಆಗಿಲ್ಲ, ದೂರ ಹೋಗಿರಲಾರ. ಹೊಳೆಗೆ ಇಳಿಯುವ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆ ಇದೆ ಎಂದು ಅಂಗಡಿಯವನು ಆಗಲೇ ಹೇಳಿದ್ದ. ಅರಣ್ಯದ ವಾಚರುಗಳು ಹೊರಟಿದ್ದರು, ಹಾಡಿಯ ಹುಡುಗರು ಬರುತ್ತಿದ್ದರು. ಕತ್ತಲಾಗಲು ಮೂರು ಗಂಟೆಗಿಂತ ಹೆಚ್ಚಿತ್ತು. ಇಷ್ಟು ಮಂದಿ, ಇಷ್ಟು ಬೆಳಕು, ಇಷ್ಟೇ ದೂರ. ಅವನು ಸಿಗುತ್ತಾನೆ. ಹಾಗಿದ್ದ ಮೇಲೆ, ಮೂವತ್ತು ವರ್ಷ ಅವನು ಕಾಪಾಡಿದ ಒಂದೇ ಒಂದನ್ನು ಈಗ ಸುಳ್ಳು ಹೇಳಿ ಮುರಿಯುವುದು ಯಾಕೆ? ಬೆಳಿಗ್ಗೆ ತಿಳಿಯದೆ ಮಾಡಿದ್ದೇ ಸಾಕಾಗಿತ್ತು. ತಿಳಿದೂ ಮತ್ತೊಂದು ಮಾಡಲು ಅವಳಿಗೆ ಮನಸ್ಸಾಗಲಿಲ್ಲ.

"ಬೇಡ," ಎಂದಳು. "ಹೊಳೆ ಕಡೆ ಹೋಗೋಣ. ಹೆಜ್ಜೆ ಅಲ್ಲೇ ಕಂಡದ್ದು."

ಸುಬೀಷ್ ತಂಬಟೆಯನ್ನು ಗೋಡೆಗೆ ಒರಗಿಸಿ ಹೊರಟ.

ಹೊಳೆಯ ದಡದ ಹೆಜ್ಜೆಗಳು ಮೀನು ಹಿಡಿಯುವವನೊಬ್ಬನವು. ಅದು ತಿಳಿಯುವಾಗ ನಾಲ್ಕು ದಾಟಿತ್ತು, ಮಳೆ ಶುರುವಾಗಿತ್ತು. ಸಜಿತ ಒದ್ದೆಯಾಗಿ ಓಡಿಬಂದು ಜಾನುವಿನ ಮುಂದೆ ನಿಂತು "ಹೂಂ" ಎಂದಳು. ಜಾನು ಸುಬೀಷ್‌ನನ್ನು ಕರೆದು, ಬೆನ್ನು ತಿರುಗಿಸಿ ಕೂರಿಸಿ, ಅವನ ಬೆನ್ನ ಮೇಲೆ ಬೆರಳುಗಳಿಂದ ಬಡಿದು ತೋರಿಸತೊಡಗಿದಳು. ಅವನು ಅದನ್ನು ತೊಗಲಿಗೆ ತರಲು ನೋಡಿದ. ತೇವ ಹೀರಿದ ತಂಬಟೆ ಕಾಗದದ ಪೆಟ್ಟಿಗೆಯ ಹಾಗೆ ಸದ್ದು ಮಾಡಿತು. ಒಲೆಗೆ ಹಿಡಿದರು, ಹೊರಗೆ ತಂದ ಕೂಡಲೇ ಮತ್ತೆ ಸಡಿಲವಾಯಿತು. ತಗಡಿನ ಮಾಡಿನ ಮೇಲೆ ಬೀಳುವ ಮಳೆಯಲ್ಲಿ ಅಂಗಳದ ಆಚೆ ನಿಂತ ಚೆಲುವರಾಜುವಿಗೇ ಅದು ಕೇಳಿಸಲಿಲ್ಲ.

ಆ ರಾತ್ರಿ ಆರು ಮುದುಕರು ಮನೆಗೆ ಹೋಗಲು ಒಪ್ಪಲಿಲ್ಲ. ಶೈಲಜ ಜಗಲಿಯಲ್ಲಿ ಚಾಪೆ ಹಾಸಿದಳು, ಗಂಜಿ ತಂದಳು, ಅತ್ತಳು, ಬೈದಳು. ಅವರು ನೀರು ಮಾತ್ರ ಕುಡಿದರು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದವರು ಉಪವಾಸ ಇರಬಾರದು ಎಂದು ಸಜಿತ ಒಬ್ಬೊಬ್ಬರ ಕಾಲು ಹಿಡಿದು ಹೇಳಿದಳು. ಅವರು ಅವಳ ತಲೆ ಸವರಿದರು, ಬಾಯಿ ತೆರೆಯಲಿಲ್ಲ.

ಬೆಳಿಗ್ಗೆ ಮಳೆ ನಿಂತ ಮೇಲೆ ಬಿಜು ಎಂಬ ವಾಚರನಿಗೆ ಕೆಂಚ ಸಿಕ್ಕ. ಹೊಳೆಗೆ ಎದುರು ದಿಕ್ಕಿನಲ್ಲಿ, ಕಾಡಿನ ಅಂಚಿಗೆ ತೋಡಿದ ಆನೆ ಕಂದಕದ ತಳದಲ್ಲಿ. ಮೇಲೆ ಲಂಟಾನ ಹಬ್ಬಿ ಕಂದಕದ ಬಾಯಿ ಮುಚ್ಚಿಹೋಗಿತ್ತು. ಸೊಂಟ ಮುರಿದಿತ್ತು. ಒಂದು ಅಡಿಯಷ್ಟು ನೀರು ನಿಂತಿತ್ತು. ಬಿದ್ದದ್ದು, ಸತ್ತದ್ದು ಎಷ್ಟು ಹೊತ್ತಿಗೆ ಎಂದು ಡಾಕ್ಟರು ಹೇಳಲಾರೆ ಎಂದರು. ಮಳೆ ಬರುವಾಗ ಬದುಕಿದ್ದಿರಬಹುದು, ಇಲ್ಲದೆಯೂ ಇರಬಹುದು. ಹುಡುಕುವವರು ಸಂಜೆ ಆ ಕಡೆಯೂ ಕೂಗುತ್ತ ಹೋಗಿದ್ದರು. ಆದರೆ ಕೂಗಿಗೆ ಓಗೊಡಲು ಅವನಿಗೆ ದನಿ ಇರಲಿಲ್ಲ.

ಕಂದಕದಿಂದ ಎತ್ತಿದಾಗಲೇ ಸುಬೀಷ್‌ಗೆ ಜಾನುವಿನಿಂದ ಹೇಳಿಕೆ ಬಂತು: ಮೊದಲು ಬಡಿತ, ಆಮೇಲೆ ಮಿಕ್ಕದ್ದು. ಅವನು ಹಗಲು ಮನೆಯ ಅಂಗಳದಲ್ಲಿ ಒಲೆಗೆ ತಂಬಟೆ ಹಿಡಿದ. ಕಾದ ಮೇಲೆ ಎಡಗೈಯ ಸಣ್ಣ ಕೋಲು ತೊಗಲಿನಿಂದ ಜಾರಿತು. ಚೆಲುವರಾಜು ಕೊಳಲು ತೆಗೆಯಲಿಲ್ಲ. ಸುಬೀಷ್‌ನ ಪಕ್ಕದಲ್ಲಿ ನಿಂತು ಅವನ ಎಡ ಮೊಣಕೈಗೆ ತನ್ನ ಕೈ ಆನಿಸಿ ಹಿಡಿದುಕೊಂಡ. ಸುಬೀಷ್ ಸಿಕ್ಕ ಬಡಿತ ಬಡಿದ. ಅದು ಸಜಿತ ಎಣಿಸಿದ್ದಕ್ಕಿಂತ ಚಿಕ್ಕದಾಗಿತ್ತು, ಬಿಡುವೇ ಇಲ್ಲದ ಸಮನಾದ ಪೆಟ್ಟುಗಳು, ಯಾರೋ ಬಾಗಿಲು ತಟ್ಟಿದ ಹಾಗೆ.

"ಇದು ಅಪ್ಪನಿಗೂ ಆಯ್ತಾ ಅಜ್ಜಿ?" ಎಂದು ಸಜಿತ ಕೇಳಿದಳು.

"ಇಲ್ಲ. ಇದು ಕೆಂಚನದು. ನಿನ್ನಪ್ಪಂದು ಅಂಗೇ ಇರ್ತದೆ," ಎಂದಳು ಜಾನು. ಶೈಲಜ ಗಂಜಿ ತಂದಿಟ್ಟಳು. ಆರು ಮಂದಿ ತಟ್ಟೆ ಎಳೆದುಕೊಂಡು ಉಂಡರು. ಜಾನುವಿನ ಕೈಯಿಂದ ಚಮಚ ಎರಡು ಸಲ ಬಿತ್ತು. ಶೈಲಜ ಎರಡು ಸಲವೂ ತೊಳೆದು ಕೊಟ್ಟಳು.

ಸಜಿತ ಗೇಟಿನ ಹತ್ತಿರ ನಿಂತಿದ್ದ ಬಿಜುವಿನ ಬಳಿಗೆ ಹೋದಳು. ಕೆಂಚ ಸಿಕ್ಕ ಜಾಗವನ್ನು ಅವನು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ.

"ಇಲ್ಲಿಂದ ಅಲ್ಲಿಗೆ ನೇರಕ್ಕೆ ಎಷ್ಟಾಗ್ತದೆ?"

"ಅದು ಯಾಕೆ ಚೇಚಿ ಈಗ?"

"ನೋಡಿ ಹೇಳು."

ಅವನು ತೆರೆಯನ್ನು ಬೆರಳಿನಿಂದ ಸರಿಸಿ, ಬಿಸಿಲಿಗೆ ಕೈ ಮರೆಮಾಡಿ ನೋಡಿದ. ಒಂಬೈನೂರ ನಲವತ್ತು ಮೀಟರ್.